ಮ್ಯಾನ್‌ಹಟನ್‌ನ ಏಳು ದಿಬ್ಬಗಳು

ಫೆಬ್ರವರಿ ಬಂತು ಅಂದ್ರೆ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ನ್ಯೂಯಾರ್ಕಿನ ಹಾರ್ಲೆಮ್ ಕಡೆ ಹಾಡು, ಭಾಷಣ, ಊಟ ಎಲ್ಲ ಜೋರು. ಅದೂ ಬೇಕು, ನಾನೂ ಹೋಗುತ್ತೇನೆ. ಆದರೆ ಊರಿಂದ ಬಂದ ನೆಂಟರನ್ನು ವಾಲ್ ಸ್ಟ್ರೀಟ್ ಗೂಳಿಯ ಹತ್ತಿರ ಫೋಟೋಗೆ ಕರೆದುಕೊಂಡು ಹೋಗುತ್ತೀರಲ್ವಾ, ಹಾಗೇ ಬ್ರಾಡ್‌ವೇಯಲ್ಲಿ ಇಪ್ಪತ್ತು ನಿಮಿಷ ಉತ್ತರಕ್ಕೆ ನಡೆದು ಆಫ್ರಿಕನ್ನರ ಸ್ಮಶಾನಕ್ಕೂ ಕರೆದುಕೊಂಡು ಹೋಗಿ.

1991ರಲ್ಲಿ ಅಲ್ಲಿ ಸರ್ಕಾರಿ ಕಚೇರಿಗೆ ಪಾಯ ತೋಡುವಾಗ ಮೂಳೆಗಳು ಸಿಕ್ಕವು. ಗುಲಾಮಗಿರಿಯ ಕಾಲ ಅದು, 1697ರಲ್ಲಿ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಕಪ್ಪು ಜನರನ್ನು ಹೂಳುವಂತಿಲ್ಲ ಎಂದಿತ್ತು. ಹಾಗಾಗಿ ಊರಾಚೆಯ ಈ ಜಾಗದಲ್ಲಿ 1794ರವರೆಗೂ ಹೂಳಿದರು, ಸುಮಾರು 15,000 ಜನರನ್ನು. ರಾತ್ರಿ ಹೊತ್ತು ಮಣ್ಣು ಮಾಡುವಂತಿರಲಿಲ್ಲ, ಹನ್ನೆರಡು ಜನಕ್ಕಿಂತ ಜಾಸ್ತಿ ಸೇರುವಂತೆಯೂ ಇರಲಿಲ್ಲ. ಹೆತ್ತ ಮಗುವನ್ನು ಮಣ್ಣಿಗಿಡುವಾಗಲೂ ತಲೆ ಎಣಿಸಬೇಕಿತ್ತು.

ಹೊರತೆಗೆದದ್ದು 419 ಜನರ ಅಸ್ಥಿ. ಅದರಲ್ಲಿ ಅರ್ಧಕ್ಕೆ ಹತ್ತಿರ ಮಕ್ಕಳು. ಒಬ್ಬ ಹೆಂಗಸಿನ ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿಗಳಿದ್ದವು, ಹಲ್ಲುಗಳನ್ನು ಅರದಿಂದ ತೇಯ್ದು ಆಕಾರ ಕೊಟ್ಟಿದ್ದರು. ಅದನ್ನು ಓದಿದಾಗ ನನಗೆ ಅಜ್ಜಿ ನಮ್ಮ ಸೊಂಟಕ್ಕೆ ಕಟ್ಟುತ್ತಿದ್ದ ಉಡಿದಾರ ನೆನಪಾಯಿತು. ಎಲ್ಲ ಕಿತ್ತುಕೊಂಡವರ ಊರಲ್ಲೂ ಆ ಮಣಿಗಳನ್ನು ಆಕೆ ಉಳಿಸಿಕೊಂಡಿದ್ದಳು. ಇಲ್ಲಾ, ಅವಳ ಕಡೆಯವರು ಕೊನೆಗೆ ತೊಡಿಸಿ ಕಳಿಸಿದ್ದರು.

ಈ ಜಾಗ ಸುಮ್ನೆ ಉಳಿಯಲಿಲ್ಲ. ಮೂಳೆ ಸಿಕ್ಕ ಮೇಲೂ ಕೆಲಸ ನಡೆದೇ ಇತ್ತು. ನಗರದ ಕಪ್ಪು ಜನ ಬೀದಿಗಿಳಿದರು, ಪ್ರಾರ್ಥನೆಗೆ ಕೂತರು, ಅಗೆತ ನಿಲ್ಲಿಸಿದರು. ಮೂಳೆಗಳ ಅಧ್ಯಯನ ಕಪ್ಪು ಜನರದ್ದೇ ಆದ ಹೊವಾರ್ಡ್ ವಿಶ್ವವಿದ್ಯಾಲಯದ ಕೈಗೆ ಬರುವಂತೆ ನೋಡಿಕೊಂಡರು. 2003ರಲ್ಲಿ, ಘಾನಾದಲ್ಲಿ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿ ಆ 419 ಜನರನ್ನೂ ಅದೇ ಮಣ್ಣಿಗೆ ವಾಪಸ್ ಇಟ್ಟರು. ನನ್ನ ಮಟ್ಟಿಗೆ ಈ ನಗರದ ದೊಡ್ಡ ಹಬ್ಬ ಅಂದ್ರೆ ಅದೇ. ಹೋರಾಡಿ ಪಡೆದ ಹಬ್ಬ.

ಈಗ ಅಲ್ಲಿ ಹುಲ್ಲು ಬೆಳೆದ ಏಳು ದಿಬ್ಬಗಳಿವೆ. ಸುತ್ತ ಕಚೇರಿಗಳು, ಟ್ಯಾಕ್ಸಿ ಹಾರ್ನ್. ಹೋದ ವರ್ಷ ನಾನು ಹೋದಾಗ ವಯಸ್ಸಾದ ಒಬ್ಬ ಕಪ್ಪು ಹೆಂಗಸು ನೀರಿನ ಬಾಟಲಿ ಹಿಡಿದು ನಿಂತಿದ್ದರು. ಒಂದೊಂದು ಹೆಸರು ಹೇಳುತ್ತಾ ನೆಲಕ್ಕೆ ಸ್ವಲ್ಪ ಸ್ವಲ್ಪ ನೀರು ಬಿಡುತ್ತಿದ್ದರು. ನನ್ನ ಮಗಳು ಕೇಳಿದಳು, "ಅಮ್ಮಾ, ನಾವೂ ಬಿಡಬಹುದಾ?" ಅವರಿಗೆ ಕನ್ನಡ ಎಲ್ಲಿ ಬರಬೇಕು, ಆದರೂ ಅರ್ಥವಾಯಿತು. ಬಾಟಲಿಯನ್ನು ಅವಳ ಕೈಗೆ ಕೊಟ್ಟರು.