ಟೇಕಾಫ್ ಆದೊಡನೆ ಎಂಜಿನ್ ನಿಂತರೆ: ರನ್‌ವೇಗೆ ಮರಳುವುದನ್ನು ವಿದ್ಯಾರ್ಥಿ ಪೈಲಟ್‌ಗೆ ಕಲಿಸಬೇಕೆ?

ಪರ

ಸೆಸ್ನಾ 172ರಂಥ ಒಂಟಿ ಎಂಜಿನ್ನಿನ ತರಬೇತಿ ವಿಮಾನ ನೆಲ ಬಿಟ್ಟು ಏರುತ್ತಿರುವಾಗ ಎಂಜಿನ್ ನಿಂತರೆ ನೇರ ಮುಂದೆ ಸಿಕ್ಕ ಜಾಗದಲ್ಲಿ ಇಳಿಯಬೇಕು, ಹಿಂದೆ ತಿರುಗಕೂಡದು ಎಂಬುದು ಹಳೆಯ ಪಾಠ. ಆದರೆ ಈ ಪಾಠಕ್ಕೆ ಮುಂದೆ ಬಯಲಿರಬೇಕು. ಬೆಂಗಳೂರಿನ ಜಕ್ಕೂರು ವಾಯುನೆಲೆಯನ್ನು ಇಂದು ನಗರ ಸುತ್ತುವರಿದಿದೆ, ಪಕ್ಕದಲ್ಲೇ ಎತ್ತರಿಸಿದ ಹೆದ್ದಾರಿಯಿದೆ. ಅಲ್ಲಿಂದ ಏರುವ ವಿದ್ಯಾರ್ಥಿಗೆ ಮುಂದೆ ಇಳಿ ಎನ್ನುವವರು ಎಲ್ಲಿ ಇಳಿಯಬೇಕೆಂಬುದನ್ನೂ ಹೇಳಬೇಕು. ಸಾಕಷ್ಟು ಎತ್ತರವಿದ್ದರೆ ಮರಳಬಹುದು. ಆ ಎತ್ತರ ಎಷ್ಟೆಂಬುದನ್ನು ಬೋಧಕರ ಜೊತೆ ನೆಲದಿಂದ ಬಹಳ ಮೇಲೆ, ಎಂಜಿನ್ನಿನ ಶಕ್ತಿ ತಗ್ಗಿಸಿ, ತಿರುಗಿ ನೋಡಿಯೇ ತಿಳಿಯಬೇಕು. ಯಾವಾಗ, ಹೇಗೆ ಸುರಕ್ಷಿತವಾಗಿ ಮರಳಬಹುದೆಂಬುದನ್ನು ಮಾಡಿ ತೋರಿಸಿ ಕಲಿಸಿರಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೂಡ 2018ರಲ್ಲಿ ಬೋಧಕರಿಗೆ ಸಲಹೆ ನೀಡಿತು. ಕಲಿಸದಿದ್ದರೂ ಗಾಬರಿಗೊಂಡ ವಿದ್ಯಾರ್ಥಿ ಪರಿಚಿತ ರನ್‌ವೇಯತ್ತ ತಿರುಗಿಯಾನು. ಅಳತೆ ಅರಿಯದೆ ತಿರುಗುವುದೇ ಹೆಚ್ಚು ಅಪಾಯಕರ.

ವಿರೋಧ

ಮರಳುವುದೆಂದರೆ ಕೇವಲ 180 ಡಿಗ್ರಿ ತಿರುವಲ್ಲ. ಅಷ್ಟು ತಿರುಗಿದಾಗ ವಿಮಾನ ರನ್‌ವೇಯ ಪಕ್ಕದಲ್ಲಿ, ಅದಕ್ಕೆ ಸಮಾಂತರವಾಗಿರುತ್ತದೆ. ಅದರ ಮೇಲೆ ಬರಲು ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ಹೊರಳಬೇಕು. ರೆಕ್ಕೆಯನ್ನು 45 ಡಿಗ್ರಿ ಓರೆ ಮಾಡಿ ಎತ್ತರ ಕಾಯ್ದುಕೊಳ್ಳಲು ನಿಯಂತ್ರಣ ಹಿಡಿಯನ್ನು ಎಳೆದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ, ವೇಗ ಸುಮಾರು 19 ಶೇಕಡಾ ಹೆಚ್ಚುತ್ತದೆ. ಇತ್ತ ಏರುತ್ತಿದ್ದ ವಿಮಾನದ ಮೂತಿ ಮೇಲಿದ್ದು, ಎಂಜಿನ್ ನಿಂತೊಡನೆ ವೇಗ ಕುಸಿಯುತ್ತಿರುತ್ತದೆ. ಬೆಚ್ಚಿಬಿದ್ದ ಮನಸ್ಸು ಮೊದಲ ಕೆಲವು ಸೆಕೆಂಡುಗಳನ್ನು ನುಂಗಿರುತ್ತದೆ. ಗಾಳಿಗೆದುರಾಗಿ ಏರಿದವನಿಗೆ ಮರಳುವಾಗ ಅದೇ ಗಾಳಿ ಬೆನ್ನಿಗಿರುವುದರಿಂದ, ನೆಲ ಮುಟ್ಟುವ ವೇಗವೂ ಹೆಚ್ಚಾಗುತ್ತದೆ.

ರೆಕ್ಕೆ ಸಮವಾಗಿಟ್ಟು ಕಡಿಮೆ ವೇಗದಲ್ಲಿ ಹೊಲಕ್ಕೆ ನುಗ್ಗಿದ ವಿಮಾನ ಮುರಿದರೂ ಒಳಗಿದ್ದವರು ಬದುಕುವ ಸಾಧ್ಯತೆ ದೊಡ್ಡದು. ತಿರುವಿನಲ್ಲಿ ಸ್ಟಾಲ್ ಆಗಿ ಸುತ್ತುತ್ತ ಬೀಳುವ ವಿಮಾನಕ್ಕೆ ಚೇತರಿಸಿಕೊಳ್ಳುವಷ್ಟು ಎತ್ತರವೇ ಇರುವುದಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿದಾಗ, ಅದರಲ್ಲಿದ್ದ ಇಬ್ಬರೂ ಉಳಿದರು.

ಮೇಲೆ ನಡೆಸುವ ಅಭ್ಯಾಸದಲ್ಲಿ ಎಂಜಿನ್ ಶಕ್ತಿ ತಗ್ಗುವುದು ವಿದ್ಯಾರ್ಥಿಗೆ ಮೊದಲೇ ತಿಳಿದಿರುತ್ತದೆ, ನೆಲವೂ ಎದುರಿಗಿರುವುದಿಲ್ಲ. ಅಲ್ಲಿ ಹುಟ್ಟಿದ ಧೈರ್ಯವನ್ನು ಕೆಳಗೆ ನಂಬುವುದು ಅಪಾಯ. ಕಟ್ಟಡಗಳು ರನ್‌ವೇಯ ತುದಿಯವರೆಗೂ ಬಂದಿವೆ ಎಂಬುದು ನಿಜ, ನೋವಿನ ನಿಜ. ಆದರೆ ಆ ಬಯಲನ್ನು ಕಾಯುವ ಹೊಣೆ ನಗರ ಯೋಜನೆಯದು, ಬೆರಳೆಣಿಕೆಯ ಗಂಟೆಗಳಷ್ಟೇ ಹಾರಿರುವ ಹುಡುಗ ಹುಡುಗಿಯರದಲ್ಲ. ಬೋಧಕರಿಲ್ಲದೆ ಒಬ್ಬರೇ ಹಾರುವ ಮೊದಲ ಸೋಲೋಗೆ ಮುನ್ನ ಅವರ ಕೈಗೆ ರೂಢಿಯಾಗಬೇಕಾದದ್ದು ಮೂತಿ ತಗ್ಗಿಸಿ ವೇಗ ಕಾಯ್ದುಕೊಳ್ಳುವುದು. ಮರಳುವ ತಿರುವನ್ನು ಲೈಸೆನ್ಸ್ ಪಡೆದ ಮೇಲೆ ಕಲಿಸಲಿ.