ಬಾಗುವ ಮೈ ಮತ್ತು ಕಲಿಸುವ ಮಾತು

ಭರತನಾಟ್ಯದ ವೇದಿಕೆಯಿಂದ ಇಳಿದು ಯೋಗ ಕಲಿಸತೊಡಗಿ ಒಂಬತ್ತು ವರ್ಷಗಳಾದವು. ಕುಂಬಳೆಯ ಪೇಟೆಯಲ್ಲಿ ಹಳೆಯ ಪರಿಚಯದವರು ಎದುರಾದರೆ ಇಂದಿಗೂ, "ನಿಮಗೆ ಅದೇನು ಕಷ್ಟ, ಡ್ಯಾನ್ಸ್ ಮಾಡಿದ ಮೈ ಅಲ್ಲವೇ" ಎನ್ನುತ್ತಾರೆ. ಪ್ರೀತಿಯಿಂದಲೇ ಆಡುವ ಮಾತು ಅದು. ಆದರೆ ಚೆನ್ನಾಗಿ ಬಾಗಬಲ್ಲವರು ಚೆನ್ನಾಗಿ ಕಲಿಸಬಲ್ಲರು ಎಂಬ ಆ ನಂಬಿಕೆಯನ್ನು ನಾನು ಒಪ್ಪಲಾರೆ, ಏಕೆಂದರೆ ಸುಲಭವಾಗಿ ಬಾಗುತ್ತಿದ್ದ ಮೈಯೇ ಬಹುಕಾಲ ನನ್ನ ಕಲಿಕೆಗೂ ಕಲಿಸುವಿಕೆಗೂ ಅಡ್ಡಿಯಾಗಿತ್ತು.

ನೃತ್ಯವನ್ನು ನಾನಾಗಿ ಬಿಟ್ಟದ್ದಲ್ಲ, ಮೊಣಕಾಲು ಬಿಡಿಸಿತು. ಅರ್ಧ ಕುಳಿತಂತೆ ಮೊಣಕಾಲು ಮಡಿಚಿ ನಿಲ್ಲುವ ಅರಮಂಡಿಯಲ್ಲಿ ಮೊಣಕಾಲು ಪಕ್ಕಕ್ಕೆ ತೆರೆದುಕೊಳ್ಳಬೇಕಾದರೆ ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಸಾಲದಿದ್ದಾಗ ನಾವು ಪಾದವನ್ನಷ್ಟೇ ಬಲವಂತವಾಗಿ ಹೊರಕ್ಕೆ ತಿರುಗಿಸುತ್ತೇವೆ. ನೋಡುವವರಿಗೆ ಅರಮಂಡಿ ಸರಿಯಾಗಿಯೇ ಕಾಣುತ್ತದೆ, ತಿರುಚಿದ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಇದರ ಜೊತೆಗೆ, ಜಾತ್ರೆ, ಶಾಲಾ ವಾರ್ಷಿಕೋತ್ಸವ ಎಂದು ನಾನು ಕುಣಿದ ವೇದಿಕೆಗಳಲ್ಲಿ ಹೆಚ್ಚಿನವು ತೆಳ್ಳನೆಯ ಜಮಖಾನೆ ಹಾಸಿದ ಕಾಂಕ್ರೀಟು ನೆಲದವು. ಅಂಗಾಲು ಪೂರ್ತಿಯಾಗಿ ತಟ್ಟುವ ಕಲೆಗೆ ಮರದ ಹಾಸು ಬೇಕೆಂದು ಇಪ್ಪತ್ತು ವರ್ಷಗಳಲ್ಲಿ ಯಾರೂ ನನಗೆ ಹೇಳಲಿಲ್ಲ.

ನೋವಿಗೆ ಪರಿಹಾರ ಹುಡುಕಿಕೊಂಡು ಯೋಗ ತರಗತಿಗೆ ಸೇರಿದ ಮೊದಲ ದಿನವೇ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ನನ್ನ ಹಣೆ ಮೊಣಕಾಲಿಗೆ ತಾಗಿತು. ಉಳಿದವರು ಮೆಚ್ಚಿ ನೋಡಿದರು, ನನಗೂ ಹೆಮ್ಮೆಯಾಯಿತು. ಗುರುಗಳು ಮಾತ್ರ ಹತ್ತಿರ ಬಂದು, "ನೀನು ಉಸಿರಾಡುವುದು ನನಗೆ ಕೇಳುತ್ತಿಲ್ಲವಲ್ಲ" ಎಂದರು. ನಿಜ. ವೇಗದ ಹೆಜ್ಜೆಗಳ ಸರಣಿಯಾದ ಜತಿಯ ಕೊನೆಯಲ್ಲಿ ಎದೆ ಎಷ್ಟೇ ಬಡಿದುಕೊಂಡರೂ ಏದುಸಿರು ಸಭೆಗೆ ಕಾಣದಂತೆ, ತುಟಿಯ ನಗು ಮಾಸದಂತೆ ನೋಡಿಕೊಳ್ಳುವುದೇ ನನ್ನ ಶಿಕ್ಷಣವಾಗಿತ್ತು. ಅದು ಆ ಕಲೆಗೆ ತಕ್ಕ ಶಿಸ್ತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಪತಂಜಲಿಯ "ಸ್ಥಿರಸುಖಮಾಸನಮ್" ಎಂಬ ಸೂತ್ರದ ಸ್ಥಿರ ನನ್ನಲ್ಲಿತ್ತು, ಸುಖ ಇರಲಿಲ್ಲ. ಅದರ ಮುಂದಿನ ಸೂತ್ರ ಹೇಳುವ ಪ್ರಯತ್ನಶೈಥಿಲ್ಯ, ಅಂದರೆ ಪ್ರಯತ್ನವನ್ನು ಸಡಿಲಿಸುವುದಂತೂ ನನಗೆ ತೀರಾ ಹೊಸದು. ಶವಾಸನದಲ್ಲಿ ಮಲಗಿದಾಗಲೂ ನನ್ನ ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಮಡಿಚಿ, ನೃತ್ಯದ ಪತಾಕವೆಂಬ ಕೈಮುದ್ರೆಯಲ್ಲಿಯೇ ಇರುತ್ತಿದ್ದವು. ಅವು ತಾವಾಗಿ ಸಡಿಲಗೊಳ್ಳಲು ತಿಂಗಳುಗಳೇ ಬೇಕಾದವು.

ಮುಂದೆ ಬಸ್ಸು ಬದಲಿಸಿಕೊಂಡು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೆ ಹೋಗಿ ಯೋಗದಲ್ಲಿ ಡಿಪ್ಲೊಮಾ ಮುಗಿಸಿದೆ, ಮನೆಯ ಚಾವಡಿಯಲ್ಲಿ ತರಗತಿ ಆರಂಭಿಸಿದೆ. ನಿಜವಾದ ಕಷ್ಟ ಶುರುವಾದದ್ದು ಆಗ. ಬಂದವರಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದರು, ಅಡಿಕೆ ಸುಲಿಯುವವರಿದ್ದರು. ದಿನವಿಡೀ ತಲೆ ತಗ್ಗಿಸಿ ಕುಳಿತು ಕತ್ತು, ಭುಜ ಕಲ್ಲಾದವರು. ನಾನು ಆಸನ ಮಾಡಿ ತೋರಿಸುತ್ತಿದ್ದೆ, ಅವರು ನೋಡುತ್ತಿದ್ದರು. ಒಂದು ದಿನ ಒಬ್ಬ ಅಕ್ಕ, "ಟೀಚರೇ, ನಿಮಗೆ ಬಾಗುತ್ತದೆ. ನಮಗೆ ಬಾಗದೆ ಇರುವುದು ಎಲ್ಲಿ ಅಂತ ಹೇಳಿ" ಎಂದರು. ನನಗೆ ಉತ್ತರ ತಿಳಿದಿರಲಿಲ್ಲ. ಬಿಗಿತ ಎಲ್ಲಿ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ನನ್ನ ಮೈ ಎಂದೂ ಅನುಭವಿಸಿರಲಿಲ್ಲ.

ಅಂದಿನಿಂದ ತೋರಿಸುವುದನ್ನು ಕಡಿಮೆ ಮಾಡಿ ಹೇಳುವುದನ್ನು ಕಲಿತೆ. ನಮ್ಮ ಕಾಸರಗೋಡಿನಲ್ಲಿ ಹೇಳುವುದೆಂದರೆ ಒಂದು ಭಾಷೆಯ ಕೆಲಸವಲ್ಲ. "ಭುಜ ಸಡಿಲಿಸಿ" ಎಂದ ಉಸಿರಿನಲ್ಲಿಯೇ ತುಳುವಿನವರಿಗೆ ಪುಗೆಲ್ ಎಂದೂ ಮಲಯಾಳದವರಿಗೆ ಚುಮಲ್ ಎಂದೂ ಹೇಳಬೇಕು. ನೆಲದ ಮೇಲೆ ಕೂರಲಾಗದವರಿಗೆ ಮಡಿಚಿದ ಬೈರಾಸು (ಟವೆಲು), ಗೋಡೆ, ಕುರ್ಚಿ ಇವೆಲ್ಲ ಆಸನದ ಭಾಗಗಳೇ ಆದವು. ಇಂಥ ಆಧಾರಗಳನ್ನು ಯೋಗಶಾಲೆಗೆ ತಂದು ಜಗತ್ತಿಗೆ ಪರಿಚಯಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ಬಳಲಿ ಸೊರಗಿದ್ದವರು. ಬಾಗದ ಮೈಯ ಕಷ್ಟವನ್ನು ತಾನೇ ಉಂಡವರಿಗೆ ಬಾಗದವರ ಪಾಡು ತಿಳಿಯಿತು ಎಂದು ನಾನು ನಂಬಿದ್ದೇನೆ.

ಆದ್ದರಿಂದಲೇ ನೃತ್ಯ ಬಲ್ಲ ತರುಣಿಯರು ಇನ್ನೂರು ಗಂಟೆಗಳ ತರಬೇತಿಯನ್ನು ಒಂದೇ ತಿಂಗಳಲ್ಲಿ ಮುಗಿಸಿ, ಕಷ್ಟದ ಆಸನಗಳ ಫೋಟೋ ಹಾಕಿ ಶಿಕ್ಷಕಿಯರಾಗುವುದನ್ನು ನೋಡಿದರೆ ನನಗೆ ಆತಂಕವಾಗುತ್ತದೆ. ಅವರ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ಅವರ ಮುಂದೆ ಬಂದು ಕೂರುವ, ಬೆನ್ನುಹುರಿಯ ತೊಂದರೆಯಿರುವ ಅರುವತ್ತರ ಅಮ್ಮನ ಬಗ್ಗೆ ನನಗೆ ಚಿಂತೆ.

2019ರಲ್ಲಿ ಕಾಞಂಗಾಡಿನಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವ ನಡೆದಾಗ ನೋಡಲು ಹೋಗಿದ್ದೆ. ಪರದೆಯವರೆಗೂ ನಗುತ್ತ ಬಂದು, ಪರದೆ ದಾಟಿದೊಡನೆ ಮೊಣಕಾಲು ಹಿಡಿದು ಕುಳಿತ ಒಬ್ಬ ಹುಡುಗಿಯನ್ನು ಕಂಡು ಕಣ್ಣು ತುಂಬಿತು. ಕಳೆದ ತಿಂಗಳು ನೆರೆಯ ಊರಿನ ತಾಯಿಯೊಬ್ಬರು ಮಗಳನ್ನು ಕರೆತಂದು, ಕಲೋತ್ಸವಕ್ಕೆ ಮೊದಲು, ಎರಡೇ ತಿಂಗಳಲ್ಲಿ ಇವಳ ಮೈ ಇನ್ನಷ್ಟು ಬಾಗುವಂತೆ ಮಾಡಿಕೊಡಿ ಎಂದು ಕೇಳಿದರು. ಆಗಲೇ ಹಿಂದಕ್ಕೆ ಬಾಗುವ ಅವಳ ಮೊಣಕಾಲುಗಳನ್ನು ತೋರಿಸಿ, ಇವಳಿಗೆ ಬೇಕಾದದ್ದು ಬಲ, ಬಾಗುವಿಕೆಯಲ್ಲ ಎಂದೆ. ಅಭ್ಯಾಸದ ನೆಲ ಯಾವುದೆಂದು ವಿಚಾರಿಸಿದೆ. ಈಗ ಅವರ ಚಾವಡಿಯಲ್ಲಿ ಪ್ಲೈವುಡ್ ಹಾಸಿದ್ದಾರೆ. ಹುಡುಗಿ ವಾರಕ್ಕೆ ಎರಡು ದಿನ ಬಂದು, ಬೀಡಿ ಕಟ್ಟುವ ಅಕ್ಕಂದಿರ ಪಕ್ಕದಲ್ಲಿ ಗೋಡೆಗೊರಗಿ ನಿಂತು, ಎಲ್ಲರಿಗೂ ಕೇಳುವಂತೆ ಉಸಿರಾಡುತ್ತಾಳೆ.