ಇಳಿದು ತಳ್ಳಿದರೆ ತಪ್ಪಿಲ್ಲ

ಸೈಕಲ್ ಹೊಡೆಯುವವನಿಗೆ ಈಗ ಪೊಲೀಸರ ಭಯವೇ ಇಲ್ಲ. ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ, ಹೊಗೆ ತಪಾಸಣೆಯ ಚೀಟಿಯೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ನನ್ನ ಸೈಕಲ್ಲು ಮೋಟಾರು ವಾಹನವೇ ಅಲ್ಲ. ನೆಮ್ಮದಿಯೇನೋ ಸರಿ, ಆದರೆ ಸ್ವಲ್ಪ ಬೇಜಾರೂ ಆಗುತ್ತದೆ.

ನಾನು ಹುಡುಗನಾಗಿದ್ದಾಗ ಹೀಗಿರಲಿಲ್ಲ. ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿ, ಅವರು ಕೊಟ್ಟ ಬಿಲ್ಲೆಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಡಬಲ್ ರೈಡ್ ಕೂಡದು. ಕತ್ತಲಾದ ಮೇಲೆ ದೀಪ ಇರಲೇಬೇಕು. ಸಿಕ್ಕಿಬಿದ್ದರೆ ದಂಡ. ಜೇಬಲ್ಲಿ ಕಾಸಿಲ್ಲ ಅಂದರೆ ಎರಡೂ ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಗಾಳಿ ಹೋಗುವ ಆ ‘ಸುಸ್’ ಸದ್ದು ಕೇಳುವ ಬದಲು ಎರಡೇಟು ತಿನ್ನುವುದೇ ವಾಸಿ ಅನ್ನಿಸುತ್ತಿತ್ತು.

ಅಪ್ಪನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಡೈನಮೋ ಇತ್ತು. ಟೈರಿಗೆ ಒರಗಿಸಿದರೆ ಅದರ ಪುಟ್ಟ ತಲೆ ಗರಗರ ತಿರುಗಿ ದೀಪ ಹತ್ತುತ್ತಿತ್ತು. ಇಳಿಜಾರಿನಲ್ಲಿ ಝಗ್ ಅನ್ನುವ ಬೆಳಕು, ಏರಿನಲ್ಲಿ ಬರೀ ಮಿಣುಕು. ನಿಂತರೆ ಅದೂ ಇಲ್ಲ. ಒಂದು ರಾತ್ರಿ ಪೇದೆಯೊಬ್ಬರು ಕೈ ಅಡ್ಡ ಹಿಡಿದರು.

“ದೀಪ ಎಲ್ಲಯ್ಯಾ?”

“ನೀವು ನಿಲ್ಲಿಸಿದ್ದಕ್ಕೇ ಆರಿದ್ದು ಸಾರ್.”

ತಲೆಹರಟೆ ಅಂದುಕೊಂಡರು. ಸ್ಟ್ಯಾಂಡ್ ಹಾಕಿ, ಪೆಡಲು ತಿರುಗಿಸಿ, ದೀಪ ಹತ್ತಿಸಿ ತೋರಿಸಿದ ಮೇಲೇ ಬಿಟ್ಟಿದ್ದು.

ದೀಪ ಇಲ್ಲದವರಿಗೂ ಒಂದು ದಾರಿಯಿತ್ತು. ದೂರದಲ್ಲಿ ಖಾಕಿ ಕಂಡ ಕೂಡಲೇ ಇಳಿದುಬಿಡುವುದು. ಸೈಕಲ್ ತಳ್ಳಿಕೊಂಡು ಹೋಗುವವನಿಗೆ ಎಲ್ಲಿಯ ದೀಪ? ಅವನೂ ನಡೆದು ಹೋಗುವವನೇ ಅಲ್ವಾ! ಕ್ಯಾರಿಯರ್ ಮೇಲಿದ್ದವನು ಟಪ್ಪನೆ ಹಾರಿ, ಗುರುತೇ ಇಲ್ಲದವನ ಹಾಗೆ ಪಕ್ಕದಲ್ಲಿ ನಡೆಯುತ್ತಿದ್ದ. ಮೂಲೆ ತಿರುಗಿದ ಮೇಲೆ ಇಬ್ಬರೂ ಮತ್ತೆ ಹತ್ತುತ್ತಾರೆ ಅಂತ ಪೊಲೀಸರಿಗೂ ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಬೀಡಿ ಹಚ್ಚಿಕೊಳ್ಳುತ್ತಿದ್ದರು.

ಈಗ ನಿಯಮ ಪಾಲಿಸುವುದೇ ಕಷ್ಟ. ಬಲಕ್ಕೆ ತಿರುಗೋಣ ಅಂತ ಕೈ ಚಾಚಿದರೆ, ಯಾರನ್ನೋ ಕರೆಯುತ್ತಿದ್ದೇನೆ ಅಂತ ಹಿಂದಿನ ಸ್ಕೂಟರಿನವನು ಆ ಕಡೆ ತಿರುಗಿ ನೋಡುತ್ತಾನೆ. ಮೈಸೂರಿನಲ್ಲಿ 2017ರಲ್ಲಿ ಬಂದ ಬಾಡಿಗೆ ಸೈಕಲ್ಲುಗಳಿಗೆ ‘ಟ್ರಿಣ್ ಟ್ರಿಣ್’ ಅಂತ ಹೆಸರಿಟ್ಟರು. ಮುದ್ದಾದ ಹೆಸರು. ಬಸ್ಸಿನ ಹಾರ್ನ್ ಮುಂದೆ ಆ ಟ್ರಿಣ್ ಯಾರಿಗೆ ಕೇಳಬೇಕು?

ಮೊನ್ನೆ ಕೆಂಪು ದೀಪಕ್ಕೆ ನಿಂತಿದ್ದೆ. ಹಿಂದೆ ಒಂದೇ ಸಮ ಹಾರ್ನು. ಅಲ್ಲಿದ್ದ ಯುವ ಪೊಲೀಸ್ ಹತ್ತಿರ ಬಂದ. ಇಷ್ಟು ವರ್ಷದ ಮೇಲೂ ಎದೆ ಢವಗುಟ್ಟಿತು.

“ಸೈಕಲ್ ಅಲ್ವಾ ಅಂಕಲ್, ಯಾಕೆ ನಿಂತಿದ್ದೀರಿ? ನೀವು ಹೋಗಿ.”

ದೀಪ ಇನ್ನೂ ಕೆಂಪಗೇ ಇತ್ತು. ಕಾನೂನು ಮುರಿಯುವುದೋ, ಪೊಲೀಸರ ಮಾತು ಮೀರುವುದೋ? ಕಾಲಿಗೆ ಹಳೇ ಉಪಾಯ ನೆನಪಿತ್ತು. ಇಳಿದೆ. ಸೈಕಲ್ ತಳ್ಳಿಕೊಂಡು ಪಕ್ಕದ ಫುಟ್‌ಪಾತ್ ಹತ್ತಿದೆ. ಮೂಲೆ ತಿರುಗಿದ ಮೇಲೆ ಮತ್ತೆ ಹತ್ತಿದೆ.